ತುಕ್ಕು, ಸುಣ್ಣ, ಯೂರಿಯಾ: ರಾಸಾಯನಿಕ ಕ್ರಿಯೆಯ ಶಕ್ತಿ ಮತ್ತು ವೇಗ

ಬಳ್ಳಾರಿಯಲ್ಲಿ ಪ್ರೌಢಶಾಲೆ ಮತ್ತು ಪಿಯು ಕಾಲೇಜಿನ ವಿಜ್ಞಾನ ಶಿಕ್ಷಕರು, ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಬೋರ್ಡಿನ ಮೇಲೆ ಬರೆದ ಲೆಕ್ಕಗಳನ್ನು ಮಾತಿನಲ್ಲೇ ಬಿಡಿಸಿ ಹೇಳಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಸಂಡೂರಿನ ಗುಡ್ಡಗಳ ಕೆಂಪು ಬಣ್ಣ ನಿಮಗೆಲ್ಲ ಗೊತ್ತೇ ಇದೆ. ಅದಿರಿನ ಲಾರಿಗಳು ಓಡಾಡುವ ದಾರಿಯಲ್ಲಿ ಬೇವಿನ ಎಲೆ ಕೂಡ ಕೆಂಪಾಗಿರುತ್ತದೆ. ಆ ಕೆಂಪು ಹೆಮಟೈಟ್‌ನದ್ದು. ಕಬ್ಬಿಣ ಮತ್ತು ಆಮ್ಲಜನಕ ಸೇರಿ ಆದ ವಸ್ತು ಅದು. ಮನೆಯ ಕಿಟಕಿ ಸರಳಿನ ಮೇಲೆ ಮಳೆಗಾಲದಲ್ಲಿ ಕಾಣುವ ತುಕ್ಕು ಕೂಡ ಹೆಚ್ಚುಕಡಿಮೆ ಅದೇ. ಜೊತೆಗೆ ಸ್ವಲ್ಪ ನೀರು ಸೇರಿಕೊಂಡಿರುತ್ತದೆ, ಅಷ್ಟೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ರಾಶಿ ರಾಶಿ ಕಲ್ಲಿದ್ದಲು ಸುಟ್ಟು, ಅದಿರಿನಿಂದ ಆಮ್ಲಜನಕವನ್ನು ಕಿತ್ತು ಕಬ್ಬಿಣ ತೆಗೆಯುತ್ತಾರೆ. ಕುಲುಮೆಯಿಂದ ಹೊರಬಂದ ದಿನದಿಂದಲೇ ಆ ಕಬ್ಬಿಣ ಮತ್ತೆ ಗುಡ್ಡದ ಸ್ಥಿತಿಗೆ ಮರಳಲು ಶುರು ಮಾಡಿರುತ್ತದೆ.

ಮರಳುವಾಗ ಅದು ಶಕ್ತಿ ಕೊಡುತ್ತದೆ. ಎಷ್ಟು ಅಂತ ಲೆಕ್ಕ ಹಾಕೋಣ. ಮೋಲ್ ಅಂದರೆ ಅಣು, ಪರಮಾಣುಗಳನ್ನು ಎಣಿಸುವ ಒಂದು ದೊಡ್ಡ ಅಳತೆ, ಡಜನ್ ಇದ್ದ ಹಾಗೆ. ಕಬ್ಬಿಣ ಮತ್ತು ಆಮ್ಲಜನಕ ಸೇರಿ ಒಂದು ಮೋಲ್ ಹೆಮಟೈಟ್ ಆದರೆ ಸುಮಾರು 824 ಕಿಲೋಜೂಲ್ ಶಾಖ ಹೊರಬರುತ್ತದೆ. ಅದರಲ್ಲಿ ಎರಡು ಮೋಲ್ ಕಬ್ಬಿಣ ಇದೆ, ಅಂದರೆ ಸುಮಾರು 112 ಗ್ರಾಂ. ಹಾಗಾಗಿ ಒಂದು ಗ್ರಾಂ ಕಬ್ಬಿಣಕ್ಕೆ 7.4 ಕಿಲೋಜೂಲ್ ಬೀಳುತ್ತದೆ. ಒಂದು ಕಿಲೋ ಕಬ್ಬಿಣ ಪೂರ್ತಿ ತುಕ್ಕಾದರೆ ಸುಮಾರು 7,400 ಕಿಲೋಜೂಲ್. ಇಷ್ಟರಲ್ಲಿ 25 ಡಿಗ್ರಿಯಲ್ಲಿರುವ 23 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಒಂದು ದೊಡ್ಡ ಕೊಡಕ್ಕಿಂತ ಜಾಸ್ತಿ ನೀರು ಅದು!

ಆದರೆ ಕಿಟಕಿ ಸರಳನ್ನು ಮುಟ್ಟಿ ಯಾರ ಕೈಯೂ ಸುಟ್ಟಿಲ್ಲ. ಶಕ್ತಿ ಬರುತ್ತಿರುವುದು ನಿಜ, ಆದರೆ ಅದು ಹತ್ತಾರು ವರ್ಷಗಳ ಮೇಲೆ ಹರಡಿಕೊಂಡು ಬರುತ್ತದೆ. ಬಂದ ಶಾಖ ಬಂದ ಹಾಗೇ ಗಾಳಿಗೆ ಹೋಗಿಬಿಡುತ್ತದೆ.

ಇವತ್ತು ನಾನು ಹೇಳಬೇಕಾದ ಮಾತು ಇದರಲ್ಲೇ ಇದೆ. ಒಂದು ಕ್ರಿಯೆಯ ಬಗ್ಗೆ ಎರಡು ಪ್ರಶ್ನೆ ಕೇಳಬೇಕು. ಅದು ಯಾವ ಕಡೆಗೆ ಸಾಗುತ್ತದೆ, ಸಾಗಿದರೆ ಎಷ್ಟು ಶಕ್ತಿ ಬರುತ್ತದೆ ಅನ್ನುವುದು ಒಂದು ಪ್ರಶ್ನೆ. ಎಷ್ಟು ಬೇಗ ಆಗುತ್ತದೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಗೊತ್ತಾದರೆ ಎರಡನೆಯದಕ್ಕೂ ಗೊತ್ತಾಯಿತು ಅಂತ ನಮ್ಮ ಮಕ್ಕಳು ಅಂದುಕೊಳ್ಳುತ್ತಾರೆ. ಜಾಸ್ತಿ ಶಕ್ತಿ ಕೊಡುವ ಕ್ರಿಯೆ ಬೇಗ ಆಗಬೇಕು ಅಲ್ವಾ, ಅಂತ ಕೇಳುತ್ತಾರೆ. ಹಾಗೇನೂ ಇಲ್ಲ. ಎರಡೂ ಬೇರೆ ಬೇರೆ ಲೆಕ್ಕ. ಕೈಗಾರಿಕೆ, ಬೇಸಾಯ, ಅಡುಗೆ ಎಲ್ಲ ನಿಂತಿರುವುದು ಬಹುತೇಕ ಎರಡನೆಯ ಲೆಕ್ಕದ ಮೇಲೆ.

ಮೊದಲು ಶಕ್ತಿಯ ಲೆಕ್ಕ ಮುಗಿಸೋಣ. ಉತ್ತರ ಪತ್ರಿಕೆಗಳಲ್ಲಿ ಪದೇ ಪದೇ ಕಾಣುವ ಒಂದು ವಾಕ್ಯ ಇದೆ: "ಬಂಧಗಳು ಮುರಿದಾಗ ಶಕ್ತಿ ಬಿಡುಗಡೆಯಾಗುತ್ತದೆ." ಇದು ತಲೆಕೆಳಗಾದ ಮಾತು. ಬಂಧ ಅಂದರೆ ಪರಮಾಣುಗಳನ್ನು ಒಂದಕ್ಕೊಂದು ಹಿಡಿದಿಡುವ ಹಿಡಿತ. ಬಂಧ ಮುರಿಯಲು ಯಾವಾಗಲೂ ಶಕ್ತಿ ಹಾಕಬೇಕು. ಹೊಸ ಬಂಧ ಕೂಡಿದಾಗ ಶಕ್ತಿ ಬರುತ್ತದೆ. ಹೈಡ್ರೋಜನ್ ಉರಿದು ನೀರಾಗುವುದನ್ನು ನೋಡಿ. ಎರಡು ಮೋಲ್ ಹೈಡ್ರೋಜನ್‌ನ ಬಂಧ ಮುರಿಯಲು 872 ಕಿಲೋಜೂಲ್ ಬೇಕು. ಒಂದು ಮೋಲ್ ಆಮ್ಲಜನಕಕ್ಕೆ 498. ಒಟ್ಟು 1,370 ಖರ್ಚು. ಆಮೇಲೆ ಆಮ್ಲಜನಕ ಮತ್ತು ಹೈಡ್ರೋಜನ್ ನಡುವೆ ನಾಲ್ಕು ಮೋಲ್ ಬಂಧ ಕೂಡುತ್ತದೆ. ಒಂದಕ್ಕೆ 463ರಂತೆ 1,852 ಕಿಲೋಜೂಲ್ ಬರುತ್ತದೆ. ಕಳೆದರೆ 482 ಉಳಿಯಿತು. ಉರಿಯ ಬಿಸಿ ಅಂದರೆ ಈ ಉಳಿಕೆ. ಮಕ್ಕಳು ಇದೊಂದು ಲೆಕ್ಕವನ್ನು ತಾವೇ ಕೂತು ಮಾಡಿದರೆ ಸಾಕು, ಆ ತಪ್ಪು ವಾಕ್ಯವನ್ನು ಮತ್ತೆ ಬರೆಯುವುದಿಲ್ಲ. ಹೀಗೆ ಉಳಿಕೆ ಬರುವುದು ಬಹಿರುಷ್ಣಕ ಕ್ರಿಯೆ. ಹಾಕಿದ್ದೇ ಜಾಸ್ತಿಯಾದರೆ ಅಂತರುಷ್ಣಕ.

ತಣ್ಣಗಾಗುವುದನ್ನು ರೈತರ ಮನೆಯ ಮಕ್ಕಳು ಕೈಯಾರೆ ನೋಡಿರುತ್ತಾರೆ. ಬಕೆಟ್ ನೀರಿಗೆ ಯೂರಿಯಾ ಹಾಕಿ ಕಲಕಿದರೆ ಬಕೆಟ್ ಜಿಲ್ಲನೆ ತಣ್ಣಗಾಗುತ್ತದೆ. ಹತ್ತು ಲೀಟರಿಗೆ ಒಂದು ಕಿಲೋ ಹಾಕಿದರೆ ಸುಮಾರು ಐದು ಡಿಗ್ರಿ ಇಳಿಯುತ್ತದೆ. ಯೂರಿಯಾ ಕರಗಲು ಬೇಕಾದ ಶಕ್ತಿಯನ್ನು ನೀರಿನಿಂದಲೇ ತೆಗೆದುಕೊಳ್ಳುತ್ತದೆ. ಹೊಸ ಕ್ರಿಯೆ ಇದರಲ್ಲಿ ಏನೂ ಇಲ್ಲ, ಬರೀ ಕರಗುವುದು. ಆದರೂ ಶಕ್ತಿಯ ಲೆಕ್ಕ ಒಂದೇ. ಶಕ್ತಿ ತೆಗೆದುಕೊಳ್ಳುವ ಕೆಲಸ ಹೀಗೆ ತಾನಾಗಿ ಹೇಗೆ ನಡೆಯುತ್ತದೆ? ಹರಳಿನಲ್ಲಿ ಸಾಲಾಗಿ ಕಟ್ಟಿಕೊಂಡಿದ್ದ ಅಣುಗಳು ನೀರಿನ ತುಂಬ ಚದುರಿಹೋಗುತ್ತವೆ. ಆ ಚದುರುವಿಕೆಗೂ ಲೆಕ್ಕದಲ್ಲಿ ಬೆಲೆ ಇದೆ. ಎಂಟ್ರೊಪಿಯ ಆ ವಿಷಯ ಇನ್ನೊಂದು ದಿನದ ಮಾತು.

ಈಗ ಸುಣ್ಣಕ್ಕೆ ಬರುತ್ತೇನೆ. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು.

ಹಂಪಿಯ ಗೋಪುರಗಳಲ್ಲಿ ಕಲ್ಲಿನ ಬುಡದ ಮೇಲೆ ಇಟ್ಟಿಗೆ, ಇಟ್ಟಿಗೆಯ ಮೇಲೆ ಸುಣ್ಣದ ಗಾರೆ ಇದೆ. ಆ ಗಾರೆ ಬಂದ ದಾರಿ ನೋಡಿ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿಗೆ ಕಾಯಿಸುತ್ತಾರೆ. ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಇದಕ್ಕೆ ಒಂದು ಮೋಲ್‌ಗೆ 178 ಕಿಲೋಜೂಲ್ ಖರ್ಚು. ಆಮೇಲೆ ಅದಕ್ಕೆ ನೀರು ಹಾಕುತ್ತಾರೆ. ಅದು ಭುಸುಗುಟ್ಟಿ ಕುದಿಯುತ್ತದೆ, ಹಬೆ ಏಳುತ್ತದೆ, ಉಂಡೆ ಒಡೆದು ಪುಡಿಯಾಗುತ್ತದೆ. ಆಗ 65 ಕಿಲೋಜೂಲ್ ವಾಪಸ್ ಬರುತ್ತದೆ. ಹೀಗೆ ಅರಳಿದ ಸುಣ್ಣವನ್ನು ಮರಳಿನ ಜೊತೆ ಅರೆದು ಗೋಡೆಗೆ ಮೆತ್ತುತ್ತಾರೆ. ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ತೆಗೆದುಕೊಂಡು ಮೆಲ್ಲಗೆ ಮತ್ತೆ ಕಲ್ಲಾಗುತ್ತದೆ. ಇದರಲ್ಲಿ 113 ಕಿಲೋಜೂಲ್ ಬರುತ್ತದೆ.

ಕೂಡಿಸಿ ನೋಡಿ. 65 ಮತ್ತು 113, ಒಟ್ಟು 178. ಗೂಡಿನಲ್ಲಿ ಹಾಕಿದ್ದೆಲ್ಲ ವಾಪಸ್ ಬಂತು. ಯಾವ ದಾರಿಯಲ್ಲಿ ಹೋದರೂ ಒಟ್ಟು ಶಾಖದ ಲೆಕ್ಕ ಬದಲಾಗುವುದಿಲ್ಲ ಅಂತ ರಸಾಯನಶಾಸ್ತ್ರಜ್ಞ ಹೆಸ್ 1840ರಲ್ಲಿ ಹೇಳಿದ್ದು ಇದನ್ನೇ. ಹೆಸ್‌ನ ನಿಯಮ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕಲ್ಲಿನಿಂದ ಹೊರಟು ಕಲ್ಲಿಗೇ ಬಂದು ನಿಲ್ಲುತ್ತದೆ.

ಈಗ ಅದೇ ಎರಡು ಹಂತಗಳ ವೇಗ ನೋಡಿ. 65 ಕಿಲೋಜೂಲ್ ಕೊಡುವ ಹಂತ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ, ನೀರು ಕುದಿಸಿ ಕಣ್ಣಿಗೆ ಸಿಡಿಯುವಷ್ಟು ಜೋರಾಗಿ. 113 ಕಿಲೋಜೂಲ್ ಕೊಡುವ ಹಂತಕ್ಕೆ ತಿಂಗಳುಗಳು ಬೇಕು. ದಪ್ಪ ಗೋಡೆಯಾದರೆ ವರ್ಷಗಳೇ ಬೇಕು. ಜಾಸ್ತಿ ಶಕ್ತಿ ಕೊಡುವುದೇ ನಿಧಾನ! ಕಾರಣ ಸರಳ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಹತ್ತು ಸಾವಿರಕ್ಕೆ ನಾಲ್ಕು ಪಾಲಿನಷ್ಟು. ಅಷ್ಟು ಕಡಿಮೆ ಇರುವ ಅನಿಲ ಗಾರೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ನುಸುಳಿ ಒಳಗೆ ಹೋಗಬೇಕು. ಮೊದಲು ಹೊರಮೈ ಗಟ್ಟಿಯಾಗುತ್ತದೆ. ಗಟ್ಟಿಯಾದ ಹೊರಮೈ ಒಳಗಿನ ದಾರಿಯನ್ನು ಇನ್ನೂ ಇಕ್ಕಟ್ಟು ಮಾಡುತ್ತದೆ. ಸಾರತೆ, ಅಂದರೆ ವಸ್ತು ಎಷ್ಟು ದಟ್ಟವಾಗಿ ಇದೆ ಅನ್ನುವುದು, ಕಡಿಮೆಯಾದರೆ ವೇಗ ಕಡಿಮೆ ಅಂತ ಪಾಠದಲ್ಲಿ ಒಂದು ಸಾಲು ಇರುತ್ತದಲ್ಲ, ಆ ಸಾಲನ್ನು ಹಂಪಿಗೆ ಹೋದಾಗ ಗೋಪುರದ ಗಾರೆ ತೋರಿಸಿ ಹೇಳಿ.

ಸಾರತೆಯ ವಿಷಯಕ್ಕೆ ರಾಯಚೂರು ಜಿಲ್ಲೆಯ ಹಟ್ಟಿಯನ್ನೂ ಸೇರಿಸುತ್ತೇನೆ. ಅಲ್ಲಿ ಚಿನ್ನದ ಕಲ್ಲನ್ನು ನುಣ್ಣಗೆ ಅರೆದು ಸಯನೈಡ್ ದ್ರಾವಣದಲ್ಲಿ ಕರಗಿಸುತ್ತಾರೆ. ಸಯನೈಡ್ ಒಂದರಿಂದಲೇ ಚಿನ್ನ ಕರಗುವುದಿಲ್ಲ, ಆಮ್ಲಜನಕವೂ ಬೇಕು. ಆದರೆ ಆಮ್ಲಜನಕ ನೀರಿನಲ್ಲಿ ಕರಗುವುದು ತುಂಬಾ ಕಡಿಮೆ. ಆದ್ದರಿಂದ ಈ ಕೆಲಸದಲ್ಲಿ ಸಯನೈಡ್ ಎಷ್ಟೇ ಸುರಿದರೂ ಒಂದು ಮಿತಿಯಾದ ಮೇಲೆ ವೇಗ ಹೆಚ್ಚುವುದಿಲ್ಲ. ಗಾಳಿ ಊದಬೇಕು. ಕೊರತೆ ಯಾವುದರದ್ದೋ ಅದನ್ನು ಹೆಚ್ಚಿಸಿದರೆ ಮಾತ್ರ ಕೆಲಸ ಮುಂದೆ ಸಾಗುತ್ತದೆ.

ಇನ್ನು ಮುಖ್ಯ ವಿಷಯ. ಎರಡೂ ವಸ್ತು ಬೇಕಾದಷ್ಟಿವೆ, ಒಂದಕ್ಕೊಂದು ತಾಗಿಯೂ ಇವೆ. ಆದರೂ ಕ್ರಿಯೆ ಆಗುವುದಿಲ್ಲ. ನಿಮ್ಮ ಕೈಯಲ್ಲಿರುವ ಕಾಗದ ಉರಿದರೆ ಬೇಕಾದಷ್ಟು ಶಕ್ತಿ ಕೊಡುತ್ತದೆ. ಸುತ್ತ ಆಮ್ಲಜನಕವೂ ಇದೆ. ಬಳ್ಳಾರಿಯ ಏಪ್ರಿಲ್ ಬಿಸಿಲೂ ಇದೆ. ಆದರೂ ಸುಮ್ನೆ ಕೂತಿದೆ. ಏಕೆ?

ಗಂಗಾವತಿ ಕಡೆಯ ಭತ್ತದ ಗದ್ದೆ ನೆನೆಸಿಕೊಳ್ಳಿ. ಮೇಲಿನ ಮಡಿಯಲ್ಲಿ ನೀರು ನಿಂತಿದೆ. ಕೆಳಗಿನ ಮಡಿ ಒಂದಡಿ ತಗ್ಗಿನಲ್ಲಿದೆ. ನಡುವೆ ಬದು. ಎರಡು ಮಡಿಗಳ ಮಟ್ಟದ ವ್ಯತ್ಯಾಸ ಇದೆಯಲ್ಲ, ಅದು ಕ್ರಿಯೆಯ ಶಕ್ತಿ. ಬದುವಿನ ಎತ್ತರ ಸಕ್ರಿಯಣ ಶಕ್ತಿ. ಕೆಳಗಿನ ಮಡಿ ಎಷ್ಟೇ ತಗ್ಗಿನಲ್ಲಿರಲಿ, ಬದು ಎತ್ತರವಾಗಿದ್ದರೆ ನೀರು ದಾಟುವುದಿಲ್ಲ. ಗಾಳಿ ಬೀಸಿ ನೀರು ಅಲೆಯೆದ್ದರೆ ಆಗೊಮ್ಮೆ ಈಗೊಮ್ಮೆ ಸ್ವಲ್ಪ ನೀರು ಬದುವಿನ ಮೇಲಿಂದ ಚೆಲ್ಲುತ್ತದೆ. ಉಷ್ಣತೆ ಹೆಚ್ಚಿಸುವುದು ಅಂದರೆ ಗಾಳಿ ಜೋರು ಮಾಡಿದ ಹಾಗೆ. ಬದುವಿನಲ್ಲಿ ಗಂಡಿ ತೆಗೆದರೆ ಗಾಳಿ ಇಲ್ಲದೆಯೂ ನೀರು ಹರಿಯುತ್ತದೆ. ಅದು ವೇಗವರ್ಧಕದ ಕೆಲಸ. ಗಂಡಿ ತೆಗೆದದ್ದರಿಂದ ಎರಡೂ ಮಡಿಗಳ ನೆಲದ ಮಟ್ಟ ಒಂದಿಂಚೂ ಬದಲಾಗಲಿಲ್ಲ ಅನ್ನುವುದನ್ನು ಗಮನಿಸಿ. ಇದು ಮುಂದೆ ಬೇಕಾಗುತ್ತದೆ.

ಕಾಗದ ಉರಿಯಬೇಕಾದರೆ ಅದರಲ್ಲಿರುವ ಬಂಧಗಳು ಮೊದಲು ಸಡಿಲವಾಗಬೇಕು. ಅದಕ್ಕೆ ಮುಂಗಡವಾಗಿ ಶಕ್ತಿ ಬೇಕು. ಬೆಂಕಿಕಡ್ಡಿ ಆ ಮುಂಗಡ ಕೊಡುತ್ತದೆ. ಒಮ್ಮೆ ಹತ್ತಿಕೊಂಡ ಮೇಲೆ ಉರಿದ ಭಾಗದ ಶಾಖವೇ ಪಕ್ಕದ ಭಾಗಕ್ಕೆ ಮುಂಗಡವಾಗುತ್ತದೆ.

ಉಷ್ಣತೆಯ ಲೆಕ್ಕವನ್ನು ಹತ್ತಿರದಿಂದ ನೋಡೋಣ. ನನಗೆ ರಸಾಯನಶಾಸ್ತ್ರದಲ್ಲಿ ತುಂಬಾ ಇಷ್ಟವಾದ ಲೆಕ್ಕ ಇದು. ಉಷ್ಣತೆ ಹತ್ತು ಡಿಗ್ರಿ ಏರಿದರೆ ಅನೇಕ ಕ್ರಿಯೆಗಳ ವೇಗ ಎರಡು ಪಟ್ಟು, ಕೆಲವು ಸಲ ಮೂರು ನಾಲ್ಕು ಪಟ್ಟು ಆಗುತ್ತದೆ. ಇದನ್ನು ಡಚ್ ವಿಜ್ಞಾನಿ ವಾಂಟ್ ಹಾಫ್ 1884ರಲ್ಲೇ ಗಮನಿಸಿದ್ದರು. ಹಾಲು ಹೊರಗಿಟ್ಟರೆ ಡಿಸೆಂಬರ್‌ಗಿಂತ ಮೇ ತಿಂಗಳಲ್ಲಿ ಬೇಗ ಕೆಡುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಹಾಲು ಕೆಡಿಸುವುದು ಜೀವಾಣುಗಳು. ಅವುಗಳ ಒಳಗೂ ನಡೆಯುವುದು ರಾಸಾಯನಿಕ ಕ್ರಿಯೆಗಳೇ.

ಆದರೆ ಒಂದು ಅನುಮಾನ ಬರಬೇಕು. 27 ಡಿಗ್ರಿಯಿಂದ 37 ಡಿಗ್ರಿಗೆ ಹೋದರೆ ಕೆಲ್ವಿನ್ ಲೆಕ್ಕದಲ್ಲಿ, ಅಂದರೆ 273 ಕೂಡಿಸಿದರೆ, 300ರಿಂದ 310 ಆಯಿತು. ಅಣುಗಳ ಸರಾಸರಿ ಶಕ್ತಿ ಏರಿದ್ದು ನೂರಕ್ಕೆ ಮೂರು ಪಾಲು ಮಾತ್ರ. ನೂರಕ್ಕೆ ಮೂರು ಏರಿದರೆ ವೇಗ ಇಮ್ಮಡಿ ಆಗುವುದು ಹೇಗೆ?

ಕ್ರಿಯೆ ನಡೆಸುವುದು ಸರಾಸರಿ ಅಣುಗಳಲ್ಲ. ಅಣುಗಳ ಗುಂಪಿನಲ್ಲಿ ಎಲ್ಲದರ ವೇಗ ಒಂದೇ ಇರುವುದಿಲ್ಲ. ಕೆಲವು ನಿಧಾನ, ಬಹಳಷ್ಟು ಮಧ್ಯಮ, ಎಲ್ಲೋ ಒಂದೆರಡು ಅತಿ ಜೋರು. ಬದು ದಾಟುವುದು ಆ ಒಂದೆರಡು ಮಾತ್ರ. ಸಕ್ರಿಯಣ ಶಕ್ತಿ ಮೋಲ್‌ಗೆ 50 ಕಿಲೋಜೂಲ್ ಇದೆ ಅಂದುಕೊಳ್ಳಿ. 300 ಕೆಲ್ವಿನ್‌ನಲ್ಲಿ ಅಷ್ಟು ಶಕ್ತಿ ಇರುವ ಡಿಕ್ಕಿಗಳು ಸುಮಾರು 50 ಕೋಟಿಗೆ ಒಂದು. 310 ಕೆಲ್ವಿನ್‌ನಲ್ಲಿ ಸುಮಾರು 27 ಕೋಟಿಗೆ ಒಂದು. ಸರಾಸರಿ ಹೆಚ್ಚುಕಡಿಮೆ ಇದ್ದಲ್ಲೇ ಇದೆ. ತುದಿಯಲ್ಲಿರುವವುಗಳ ಸಂಖ್ಯೆ ಹತ್ತಿರ ಹತ್ತಿರ ಎರಡು ಪಟ್ಟಾಯಿತು. ವೇಗ ಇಮ್ಮಡಿಯಾಗುವ ಗುಟ್ಟು ಅಷ್ಟೇ. ಬದು ಎತ್ತರವಾದಷ್ಟೂ ಈ ಪರಿಣಾಮ ಜೋರು. ಸಕ್ರಿಯಣ ಶಕ್ತಿ 100 ಕಿಲೋಜೂಲ್ ಇದ್ದರೆ ಅದೇ ಹತ್ತು ಡಿಗ್ರಿಗೆ ವೇಗ ಮೂರೂವರೆ ಪಟ್ಟಿಗೂ ಜಾಸ್ತಿ ಆಗುತ್ತದೆ.

ಈ ಸಂಬಂಧವನ್ನು ಸ್ವೀಡನ್ನಿನ ಅರೇನಿಯಸ್ 1889ರಲ್ಲಿ ಸಮೀಕರಣವಾಗಿ ಬರೆದರು. ಅವರು ಹಿಡಿದುಕೊಂಡ ಕ್ರಿಯೆ ಯಾವುದು ಗೊತ್ತಾ? ಕಬ್ಬಿನ ಸಕ್ಕರೆ ಆಮ್ಲದಲ್ಲಿ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುವುದು. ಅದಕ್ಕೂ ಮೊದಲು 1850ರಲ್ಲಿ ಜರ್ಮನಿಯ ವಿಜ್ಞಾನಿ ವಿಲ್ಹೆಲ್ಮಿ ಕ್ರಿಯೆಯ ವೇಗವನ್ನು ಸರಿಯಾಗಿ ಅಳೆದಿದ್ದೂ ಇದೇ ಸಕ್ಕರೆಯ ಮೇಲೆ. ಕಾರಣ ಇಷ್ಟೆ: ಸಕ್ಕರೆ ಒಡೆಯುತ್ತಾ ಹೋದ ಹಾಗೆ ದ್ರಾವಣ ಬೆಳಕಿನ ಕಂಪನದ ಸಮತಲವನ್ನು ತಿರುಗಿಸುವ ದಿಕ್ಕು ಬದಲಾಗುತ್ತದೆ. ಪಾತ್ರೆಯನ್ನು ಮುಟ್ಟದೆ ದೂರದಿಂದಲೇ ನೋಡಿ ಅಳೆಯಬಹುದು.

ಪ್ರೆಷರ್ ಕುಕ್ಕರ್ ಇದೇ ಲೆಕ್ಕದ ಮೇಲೆ ನಡೆಯುತ್ತದೆ. ಒತ್ತಡ ಹೆಚ್ಚಾದ್ದರಿಂದ ನೀರು 100ರ ಬದಲು ಸುಮಾರು 120 ಡಿಗ್ರಿಗೆ ಕುದಿಯುತ್ತದೆ. ಬರೀ ಇಪ್ಪತ್ತು ಡಿಗ್ರಿ. ತೊಗರಿಬೇಳೆ ಬೇಯುವ ಹೊತ್ತಿನಲ್ಲಿ ಎಷ್ಟು ವ್ಯತ್ಯಾಸ ಅಂತ ಅಡುಗೆ ಮಾಡುವವರನ್ನು ಕೇಳಿ.

ಇದರಲ್ಲಿ ಒಂದು ಅಪಾಯವೂ ಇದೆ. ಕ್ರಿಯೆಯೇ ಶಾಖ ಕೊಡುವಂಥದ್ದು, ಆ ಶಾಖ ಹೊರಹೋಗಲು ದಾರಿ ಇಲ್ಲ ಅಂದುಕೊಳ್ಳಿ. ಶಾಖದಿಂದ ವೇಗ ಏರುತ್ತದೆ. ವೇಗದಿಂದ ಇನ್ನಷ್ಟು ಶಾಖ. ಕೊಪ್ಪಳ, ಬಳ್ಳಾರಿ ಕಡೆ ಸ್ಪಾಂಜ್ ಐರನ್ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿ ಅದಿರನ್ನು ಕರಗಿಸುವುದಿಲ್ಲ. ತಿರುಗುವ ಗೂಡಿನಲ್ಲಿ ಕಲ್ಲಿದ್ದಲಿನ ಜೊತೆ ಹತ್ತಿರ ಹತ್ತಿರ 1,000 ಡಿಗ್ರಿಗೆ ಕಾಯಿಸಿ ಆಮ್ಲಜನಕವನ್ನು ಮಾತ್ರ ತೆಗೆಯುತ್ತಾರೆ. ಆಮ್ಲಜನಕ ಇದ್ದ ಜಾಗವೆಲ್ಲ ಖಾಲಿ. ಉಂಡೆಯ ತುಂಬ ಕಣ್ಣಿಗೆ ಕಾಣದ ತೂತುಗಳು. ಹಾಗಾಗಿ ಗಾಳಿಗೆ, ನೀರಿಗೆ ತೆರೆದುಕೊಂಡ ಮೈ ಅಪಾರ. ರಾಶಿ ಹಾಕಿದ ಸ್ಪಾಂಜ್ ಐರನ್ ನೆನೆದರೆ ತಾನಾಗಿ ಬಿಸಿಯಾಗುತ್ತದೆ. ನೀರಿನಿಂದ ಹೈಡ್ರೋಜನ್ ಬಿಡುತ್ತದೆ. ಬೆಂಕಿ ಹತ್ತಿಕೊಳ್ಳುವುದೂ ಉಂಟು. ಹಡಗಿನಲ್ಲಿ ಸಾಗಿಸಲು ಇದಕ್ಕೆ ಬೇರೆಯೇ ನಿಯಮಗಳಿವೆ. ಕಿಟಕಿ ಸರಳೂ ಕಬ್ಬಿಣ, ಇದೂ ಕಬ್ಬಿಣ. ಎರಡೂ ತುಕ್ಕಾಗುತ್ತವೆ. ಒಂದು ಗ್ರಾಂಗೆ ಬರುವ ಶಕ್ತಿ ಹೆಚ್ಚುಕಡಿಮೆ ಅಷ್ಟೇ. ಒಂದು ತಲೆಮಾರುಗಟ್ಟಲೆ ತೆಗೆದುಕೊಳ್ಳುತ್ತದೆ, ಇನ್ನೊಂದು ರಾತ್ರಿ ಬೆಳಗಾಗುವಷ್ಟರಲ್ಲಿ ಬೆಂಕಿ ಎಬ್ಬಿಸಬಹುದು.

ಮೈ ಎಷ್ಟು ಹೆಚ್ಚುತ್ತದೆ ಅಂತ ನೋಡಬೇಕಾದರೆ ಒಂದು ಸೆಂಟಿಮೀಟರ್ ಘನ ತೆಗೆದುಕೊಳ್ಳಿ. ಅದರ ಹೊರಮೈ 6 ಚದರ ಸೆಂಟಿಮೀಟರ್. ಅದನ್ನು 75 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಚೂರುಗಳಾಗಿ ಕತ್ತರಿಸಿದರೆ ಒಟ್ಟು ಮೈ 800 ಚದರ ಸೆಂಟಿಮೀಟರ್ ಆಗುತ್ತದೆ. 75 ಮೈಕ್ರಾನ್ ಯಾಕೆ ಹೇಳಿದೆ ಅಂದರೆ, ಶಕ್ತಿನಗರದಂಥ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲನ್ನು ಹೆಚ್ಚುಕಡಿಮೆ ಅಷ್ಟು ನುಣ್ಣಗೆ ಅರೆದು ಗಾಳಿಯ ಜೊತೆ ಒಲೆಗೆ ಊದುತ್ತಾರೆ. ಉಂಡೆಯಾಗಿ ಹಾಕಿದರೆ ಮೆಲ್ಲಗೆ ಉರಿಯುವ ಕಲ್ಲಿದ್ದಲು ಆಗ ಒಂದೆರಡು ಸೆಕೆಂಡಿನಲ್ಲಿ ಸುಟ್ಟುಹೋಗುತ್ತದೆ. ರಾಯಚೂರಿನ ಹತ್ತಿ ಮಿಲ್ಲುಗಳಲ್ಲಿ ಬಿಗಿಯಾಗಿ ಒತ್ತಿದ ಬೇಲ್‌ಗಿಂತ ಹಾರಾಡುವ ಬಿಡಿ ಹತ್ತಿಗೆ ಹೆದರುವುದೂ ಇದಕ್ಕೇ.

ರಾಶಿಯಲ್ಲಿ ಶಾಖ ಕೂಡಿಕೊಳ್ಳುವುದಕ್ಕೆ ನಮ್ಮಲ್ಲಿ ತುಂಬಾ ಹಳೆಯ ಸಾಕ್ಷಿ ಇದೆ. ಕುಡತಿನಿಯ ಬೂದಿ ದಿಬ್ಬ. ಹಂಪಿ ಹತ್ತಿರದ ನಿಂಬಾಪುರದಲ್ಲೂ ಅಂಥದ್ದೊಂದಿದೆ. ಅದನ್ನು ವಾಲಿಯನ್ನು ಸುಟ್ಟ ಜಾಗ ಅಂತ ಜನ ನಂಬುತ್ತಾರೆ. ಪುರಾತತ್ವದವರ ಪ್ರಕಾರ ಇವು ನವಶಿಲಾಯುಗದ ದನಗಾಹಿಗಳ ಕಾಲದವು, ಸುಮಾರು ನಾಲ್ಕು ಸಾವಿರ ವರ್ಷ ಹಳೆಯವು. ದನದ ಸಗಣಿಯನ್ನು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟಿದ್ದರಿಂದ ಆದವು. ಕೆಲವು ಕಡೆ ಆ ಬೂದಿ ಕರಗಿ ಗಾಜಿನಂಥ ಕಿಟ್ಟವಾಗಿದೆ. ಒಲೆಯಲ್ಲಿ ಒಂದು ಕುಳ್ಳು ಉರಿಸಿದರೆ ಬೂದಿ ಹೀಗೆ ಕರಗುವುದಿಲ್ಲ. ದೊಡ್ಡ ರಾಶಿಯಲ್ಲಿ ಒಳಗಿನ ಶಾಖ ಹೊರಹೋಗದೆ ಉಷ್ಣತೆ ಅಷ್ಟು ಏರಿತು. ಅದೇ ಕುಡತಿನಿಯಲ್ಲಿ ಈಗ ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರ ಇದೆ. ಎರಡನ್ನೂ ಒಂದೇ ದಿನ ಮಕ್ಕಳಿಗೆ ತೋರಿಸಬಹುದು. ದಯವಿಟ್ಟು ತೋರಿಸಿ.

ಈಗ ಬದುವಿನಲ್ಲಿ ಗಂಡಿ ತೆಗೆಯುವ ವಿಷಯ, ಅಂದರೆ ವೇಗವರ್ಧಕ. ಮತ್ತೆ ಯೂರಿಯಾ ಚೀಲಕ್ಕೆ ಬರಬೇಕು.

ಯೂರಿಯಾಕ್ಕೆ ಮೊದಲು ಅಮೋನಿಯಾ ಬೇಕು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ ಇದೆ. ಸಾರಜನಕ ಮತ್ತು ಹೈಡ್ರೋಜನ್ ಸೇರಿ ಅಮೋನಿಯಾ ಆದರೆ ಶಾಖ ಬರುತ್ತದೆ, ಎರಡು ಮೋಲ್ ಅಮೋನಿಯಾಕ್ಕೆ ಸುಮಾರು 92 ಕಿಲೋಜೂಲ್. ಅಂದರೆ ಕೆಳಗಿನ ಮಡಿ ತಗ್ಗಿನಲ್ಲೇ ಇದೆ. ಆದರೆ ಸಾರಜನಕದ ಎರಡು ಪರಮಾಣುಗಳ ನಡುವೆ ತ್ರಿಬಂಧ ಇದೆ. ಅದನ್ನು ಮುರಿಯಲು ಮೋಲ್‌ಗೆ 945 ಕಿಲೋಜೂಲ್ ಬೇಕು. ಬದು ಅಷ್ಟು ಎತ್ತರ. ಎರಡೂ ಅನಿಲವನ್ನು ಬಾಟಲಿಯಲ್ಲಿ ಬೆರೆಸಿಟ್ಟರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹಾಗೇ ಇರುತ್ತವೆ.

ಕಾಯಿಸಿದರೆ ಆಗುವುದಿಲ್ಲವಾ? ಆಗುತ್ತದೆ, ಆದರೆ ಇನ್ನೊಂದು ತೊಡಕು ಬರುತ್ತದೆ. ಶಾಖ ಕೊಡುವ ಕ್ರಿಯೆಯನ್ನು ಜಾಸ್ತಿ ಕಾಯಿಸಿದರೆ ಆದ ಅಮೋನಿಯಾ ಮತ್ತೆ ಒಡೆಯುತ್ತದೆ. ಬಿಸಿ ಹೆಚ್ಚಾದರೆ ವೇಗ ಸಿಗುತ್ತದೆ, ಇಳುವರಿ ಹೋಗುತ್ತದೆ. ಬಿಸಿ ಕಡಿಮೆಯಾದರೆ ಇಳುವರಿ ಚೆನ್ನಾಗಿರಬೇಕು, ಆದರೆ ಕ್ರಿಯೆಯೇ ನಡೆಯುವುದಿಲ್ಲ. ಇವತ್ತು ನಾನು ಬೇರೆ ಬೇರೆ ಅಂತ ಹೇಳಿದ ಎರಡು ಲೆಕ್ಕಗಳು ಒಂದಕ್ಕೊಂದು ಎದುರಾಗಿ ನಿಲ್ಲುವುದು ಇಲ್ಲಿ. ಫ್ರಿಟ್ಸ್ ಹೇಬರ್ 1909ರಲ್ಲಿ ಆಸ್ಮಿಯಂ ಎಂಬ ಲೋಹ ಇಟ್ಟು, ದೊಡ್ಡ ಒತ್ತಡದಲ್ಲಿ ಅಮೋನಿಯಾ ಹನಿ ಹನಿಯಾಗಿ ಬರುವಂತೆ ಮಾಡಿ ತೋರಿಸಿದರು. ಆದರೆ ಆಸ್ಮಿಯಂ ತುಂಬಾ ಅಪರೂಪ. ಅದನ್ನು ನಂಬಿ ಕಾರ್ಖಾನೆ ಕಟ್ಟಲು ಆಗುವುದಿಲ್ಲ. ಈ ವಿಧಾನವನ್ನು ಕಾರ್ಖಾನೆಗೆ ತರಲು ಹೊರಟಿದ್ದ ಕಾರ್ಲ್ ಬಾಷ್ ಜೊತೆ ಕೆಲಸ ಮಾಡುತ್ತಿದ್ದ ಆಲ್ವಿನ್ ಮಿಟಾಶ್ ಬದಲಿ ಹುಡುಕಲು ಕೂತರು. ಸಾವಿರಾರು ಪರೀಕ್ಷೆ ಮಾಡಿದರು. ಕೊನೆಗೆ ಚೆನ್ನಾಗಿ ಕೆಲಸ ಮಾಡಿದ್ದು ಯಾವುದು? ಸ್ವೀಡನ್ನಿನ ಯೆಲ್ಲಿವಾರೆ ಎಂಬ ಗಣಿಯ ಮ್ಯಾಗ್ನೆಟೈಟ್. ಕಬ್ಬಿಣದ ಅದಿರು! ಶುದ್ಧ ಕಬ್ಬಿಣ ಅಷ್ಟು ಚೆನ್ನಾಗಿ ಕೆಲಸ ಮಾಡಿರಲಿಲ್ಲ. ಅದಿರಿನಲ್ಲಿ ಕಸವಾಗಿ ಸೇರಿದ್ದ ಬೇರೆ ವಸ್ತುಗಳು ಉಪಕಾರ ಮಾಡಿದ್ದವು. ಆಮೇಲೆ ಅಲ್ಯುಮಿನಾ, ಪೊಟ್ಯಾಸಿಯಂ ಎಲ್ಲ ಅಳೆದು ಬೆರೆಸಿದರು. 1913ರಲ್ಲಿ ಜರ್ಮನಿಯ ಒಪ್ಪಾವ್‌ನಲ್ಲಿ ಕಾರ್ಖಾನೆ ಶುರುವಾಯಿತು. ಇವತ್ತಿಗೂ ಬಹುತೇಕ ಅಮೋನಿಯಾ ಕಬ್ಬಿಣದ ಮೇಲೆಯೇ ತಯಾರಾಗುತ್ತದೆ, ಸುಮಾರು 400ರಿಂದ 500 ಡಿಗ್ರಿಯಲ್ಲಿ.

ಕಬ್ಬಿಣ ಅಲ್ಲಿ ಮಾಡುವುದೇನು? ಸಾರಜನಕದ ಅಣು ಕಬ್ಬಿಣದ ಮೈಗೆ ಅಂಟಿಕೊಳ್ಳುತ್ತದೆ. ಕಬ್ಬಿಣದ ಜೊತೆ ಹೊಸ ಬಂಧ ಕೂಡುತ್ತಾ ಹೋದ ಹಾಗೆ ಹಳೆಯ ತ್ರಿಬಂಧ ಸಡಿಲವಾಗುತ್ತದೆ. ಒಂದೇ ಏಟಿಗೆ 945 ಕಿಲೋಜೂಲ್ ತರಬೇಕಾದ ಕಷ್ಟ ತಪ್ಪಿತು. ಈ ಹೆಜ್ಜೆಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದ ಗೆರ್ಹಾರ್ಡ್ ಎರ್ಟ್ಲ್ ಅವರಿಗೆ 2007ರಲ್ಲಿ ನೊಬೆಲ್ ಬಂತು. ಕಾರ್ಖಾನೆ ಶುರುವಾಗಿ ತೊಂಬತ್ತಕ್ಕೂ ಹೆಚ್ಚು ವರ್ಷ ಆಗಿತ್ತು. ನಡೆಸುವುದು ಮೊದಲು ಗೊತ್ತಾಯಿತು, ಹೇಗೆ ನಡೆಯುತ್ತದೆ ಅನ್ನುವುದು ಬಹಳ ಆಮೇಲೆ.

ವೇಗವರ್ಧಕ ಶಕ್ತಿ ಕೊಡುವುದಿಲ್ಲ. ಎಷ್ಟು ಅಮೋನಿಯಾ ಆಗಿ ನಿಲ್ಲಬೇಕು ಅನ್ನುವುದನ್ನೂ ಬದಲಿಸುವುದಿಲ್ಲ. ಅಲ್ಲಿಗೆ ಬೇಗ ತಲುಪಿಸುತ್ತದೆ. ಗಂಡಿ ತೆಗೆದರೂ ಮಡಿಗಳ ನೆಲದ ಮಟ್ಟ ಬದಲಾಗಲಿಲ್ಲ ಅಂತ ಆಗ ಹೇಳಿದ್ದು ಇದಕ್ಕೇ. ಯಾರಾದರೂ ಒಂದು ಪುಡಿ ತಂದು, ಇದು ವೇಗವರ್ಧಕ, ಟ್ಯಾಂಕಿಗೆ ಹಾಕಿದರೆ ಪೆಟ್ರೋಲಿನಿಂದ ಎರಡು ಪಟ್ಟು ಶಕ್ತಿ ಬರುತ್ತದೆ ಅಂದರೆ ನಂಬಬೇಡಿ. ಪೆಟ್ರೋಲಿನಲ್ಲಿ ಇರುವುದಷ್ಟೇ ಬರುತ್ತದೆ.

ಯೂರಿಯಾ ಗದ್ದೆಗೆ ಬಂದ ಮೇಲೂ ಕಥೆ ಮುಗಿಯಲಿಲ್ಲ. ಶುದ್ಧ ನೀರಿನಲ್ಲಿ ಯೂರಿಯಾ ತಾನಾಗಿ ಒಡೆಯಲು ವರ್ಷಗಟ್ಟಲೆ ಬೇಕು. ಮಣ್ಣಿನಲ್ಲಿ ಕೆಲವೇ ದಿನದಲ್ಲಿ ಒಡೆದು ಅಮೋನಿಯಾ ಆಗುತ್ತದೆ. ಮಣ್ಣಿನ ಜೀವಾಣುಗಳಲ್ಲಿ ಯೂರಿಯೇಸ್ ಎಂಬ ಕಿಣ್ವ ಇದೆ. ಅದೂ ವೇಗವರ್ಧಕವೇ. 1926ರಲ್ಲಿ ಜೇಮ್ಸ್ ಸಮ್ನರ್ ಹರಳು ರೂಪದಲ್ಲಿ ಬೇರ್ಪಡಿಸಿದ ಮೊದಲ ಕಿಣ್ವ ಇದೇ. ಇಷ್ಟು ಬೇಗ ಒಡೆಯುವುದು ರೈತನಿಗೆ ಪೂರ್ತಿ ಒಳ್ಳೆಯದಲ್ಲ. ಬಿಸಿಲು ಜೋರಿದ್ದು, ಕ್ಷಾರ ಗುಣದ ಕಪ್ಪು ಮಣ್ಣಿನ ಮೇಲೆ ಸುಮ್ನೆ ಚೆಲ್ಲಿದರೆ ಅಮೋನಿಯಾ ಗಾಳಿಗೆ ಹೋಗುತ್ತದೆ. ದುಡ್ಡು ಕೊಟ್ಟು ತಂದ ಸಾರಜನಕ ಬಂದ ದಾರಿಗೇ ಹೋಯಿತು. ಆದ್ದರಿಂದ ಮಣ್ಣಿನಲ್ಲಿ ಸೇರಿಸಿ ಅನ್ನುತ್ತಾರೆ, ಕಂತು ಕಂತಾಗಿ ಹಾಕಿ ಅನ್ನುತ್ತಾರೆ. ಉಳಿದ ಅಮೋನಿಯಾವನ್ನು ಬೇರೆ ಜೀವಾಣುಗಳು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ನೀರಿನ ಜೊತೆ ಇಂಗಿ ಹೋಗುತ್ತದೆ. 2015ರಿಂದ ದೇಶದಲ್ಲಿ ತಯಾರಾಗುವ ಎಲ್ಲ ಯೂರಿಯಾಕ್ಕೆ ಬೇವಿನೆಣ್ಣೆ ಲೇಪಿಸಬೇಕು ಅಂತ ಕಡ್ಡಾಯ ಆಯಿತು. ಬೇವು ಆ ಜೀವಾಣುಗಳ ಕೆಲಸವನ್ನು ನಿಧಾನ ಮಾಡುತ್ತದೆ. ಕಾರ್ಖಾನೆಯಲ್ಲಿ ವೇಗ ಹೆಚ್ಚಿಸಲು ಅಷ್ಟೊಂದು ಶ್ರಮ, ಹೊಲದಲ್ಲಿ ವೇಗ ತಗ್ಗಿಸಲು ಶ್ರಮ. ಎರಡೂ ಒಂದೇ ಶಾಸ್ತ್ರ.

ಬಳ್ಳಾರಿಯ ಜೀನ್ಸ್ ಬಗ್ಗೆಯೂ ಒಂದು ಮಾತು. ಬಟ್ಟೆಯನ್ನು ಹಳೆಯದರಂತೆ ಮಾಡಲು ಸೆಲ್ಯುಲೇಸ್ ಎಂಬ ಕಿಣ್ವ ಬಳಸುವ ಪದ್ಧತಿ ಇದೆ. ಬಿಸಿ ಸುಮಾರು 50 ಡಿಗ್ರಿಯಲ್ಲಿದ್ದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಬೇಗ ಆಗಲಿ ಅಂತ ಕುದಿಸಿದರೆ ಕಿಣ್ವದ ರಚನೆಯೇ ಕೆಡುತ್ತದೆ, ಕೆಲಸ ನಿಲ್ಲುತ್ತದೆ. ಬಿಸಿ ಹೆಚ್ಚಾದಷ್ಟೂ ವೇಗ ಅನ್ನುವ ನಿಯಮಕ್ಕೆ ಜೀವಲೋಕದಲ್ಲಿ ಈ ಮಿತಿ ಇದೆ.

ಕೊನೆಯದಾಗಿ ಶಿಕ್ಷಕರಲ್ಲಿ ಒಂದು ಕೋರಿಕೆ. ಪಿಯು ಲ್ಯಾಬಿನಲ್ಲಿ ಸೋಡಿಯಂ ಥಯೋಸಲ್ಫೇಟ್‌ಗೆ ನೀರು ಬೆರೆಸಿ ತೆಳುವಾಗಿಸಿದ ಹೈಡ್ರೋಕ್ಲೋರಿಕ್ ಆಮ್ಲ ಹಾಕುವ ಪ್ರಯೋಗ ಇದೆಯಲ್ಲ? ಬೀಕರ್ ಕೆಳಗೆ ಕಾಗದದ ಮೇಲೆ ಅಡ್ಡಗುರುತು ಹಾಕಿಡುತ್ತೇವೆ. ಗಂಧಕ ಸಣ್ಣ ಕಣಗಳಾಗಿ ಬೇರ್ಪಟ್ಟು ದ್ರಾವಣ ಹಾಲಿನಂತಾಗಿ ಗುರುತು ಮರೆಯಾಗುತ್ತದೆ. ಎಷ್ಟು ಸೆಕೆಂಡ್ ಬೇಕಾಯಿತು ಅಂತ ನೋಡುತ್ತೇವೆ. ಇದನ್ನು ಡಿಸೆಂಬರ್‌ನ ಬೆಳಿಗ್ಗೆ ಒಮ್ಮೆ ಮಾಡಿ. ಅದೇ ಸಾರತೆ, ಅದೇ ಬೀಕರ್, ಅದೇ ಗುರುತು ಇಟ್ಟುಕೊಂಡು ಏಪ್ರಿಲ್ ಮಧ್ಯಾಹ್ನ ಮತ್ತೊಮ್ಮೆ ಮಾಡಿ. ಬರ್ನರ್ ಹಚ್ಚಲೇಬೇಡಿ. ನಮ್ಮ ಊರಿನ ಹವೆಯೇ ಇಪ್ಪತ್ತು ಡಿಗ್ರಿ ವ್ಯತ್ಯಾಸ ಕೊಡುತ್ತದೆ. ಹೊತ್ತು ಮೂರು ನಾಲ್ಕು ಪಟ್ಟು ಕಡಿಮೆಯಾಗುವುದನ್ನು ಮಕ್ಕಳೇ ಗಡಿಯಾರ ಹಿಡಿದು ನೋಡಲಿ. ಕಿಟಕಿಗಳನ್ನು ತೆರೆದಿಡಿ, ಸಲ್ಫರ್ ಡೈಆಕ್ಸೈಡ್ ಬರುತ್ತದೆ, ಉಬ್ಬಸ ಇರುವ ಮಕ್ಕಳು ದೂರ ಇರಲಿ. ನಡುವಿನ ತಿಂಗಳುಗಳಲ್ಲೂ ಅಳತೆ ಮಾಡಿದರೆ ನಾಲ್ಕೈದು ಬಿಂದು ಸಿಗುತ್ತವೆ. ಕೆಲ್ವಿನ್ ಉಷ್ಣತೆಯ ವಿಲೋಮವನ್ನು ಅಡ್ಡಗೆರೆಯ ಮೇಲೆ, ವೇಗದ ಲಾಗರಿದಮ್ ಅನ್ನು ನೆಟ್ಟಗೆರೆಯ ಮೇಲೆ ಹಾಕಿ. ವೇಗ ಅಂದರೆ ಇಲ್ಲಿ ಒಂದನ್ನು ಸೆಕೆಂಡುಗಳಿಂದ ಭಾಗಿಸಿದ್ದು. ಲಾಗರಿದಮ್ ಸ್ವಾಭಾವಿಕದ್ದಿರಲಿ. ಬಿಂದುಗಳು ಹೆಚ್ಚುಕಡಿಮೆ ಒಂದು ನೇರ ಗೆರೆಯಲ್ಲಿ ಕೂರುತ್ತವೆ. ಗೆರೆ ಇಳಿಜಾರಾಗಿರುತ್ತದೆ. ಆ ಇಳಿಜಾರನ್ನು 8.314ರಿಂದ ಗುಣಿಸಿದರೆ ಸಕ್ರಿಯಣ ಶಕ್ತಿ, ಮೋಲ್‌ಗೆ ಇಷ್ಟು ಜೂಲ್ ಅಂತ ಬರುತ್ತದೆ. ನಿಮ್ಮ ಕಾಲೇಜಿನಲ್ಲಿ ಎಷ್ಟು ಬಂತು ಅಂತ ನನಗೆ ಬರೆದು ತಿಳಿಸಿ.